5-0 ಅಂತ ಬರೆದಿದ್ದರೆ ಅದರೊಳಗೆ ಏನಿರುತ್ತದೆ?

2018ರ ಜೂನ್ 24, ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್. ಇಂಗ್ಲೆಂಡ್ ಎದುರಿನ ಐದು ಪಂದ್ಯಗಳ ಏಕದಿನ ಸರಣಿಯಲ್ಲಿ ಆಸ್ಟ್ರೇಲಿಯಾ ಮೊದಲ ನಾಲ್ಕನ್ನೂ ಸೋತಾಗಿತ್ತು. ಐದನೆಯದರಲ್ಲೂ 205ಕ್ಕೆ ಆಲೌಟ್. ಇದೂ ಹೋಯಿತು ಅಂದುಕೊಳ್ಳುವಷ್ಟರಲ್ಲಿ ಇಂಗ್ಲೆಂಡ್ ವಿಕೆಟ್‌ಗಳು ಉದುರತೊಡಗಿದವು. 114 ರನ್ನಿಗೆ 8 ವಿಕೆಟ್. ಗೆಲ್ಲಲು ಇನ್ನೂ 92 ಬೇಕು. ಒಂದು ಕಡೆ ಜೋಸ್ ಬಟ್ಲರ್, ಇನ್ನೊಂದು ಕಡೆ ಸ್ಪಿನ್ನರ್ ಆದಿಲ್ ರಶೀದ್. ಆ ಹೊತ್ತಿಗೆ ಯಾರನ್ನು ಕೇಳಿದರೂ ಸರಣಿ 4-1 ಅಂತಲೇ ಹೇಳುತ್ತಿದ್ದರು. ಇಬ್ಬರೂ ಸೇರಿ 81 ರನ್ ಕೂಡಿಸಿದರು. ಅದರಲ್ಲಿ ರಶೀದ್ ಪಾಲು ಬರೀ 20. ಅವರು ಔಟಾದಾಗ ಇನ್ನೂ 11 ರನ್ ಬಾಕಿ, ಉಳಿದದ್ದು ಒಂದೇ ವಿಕೆಟ್. ಕೊನೆಯ ಆಟಗಾರ ಜೇಕ್ ಬಾಲ್ ಒಂದು ರನ್ ಹೊಡೆದು ಸುಮ್ನೆ ನಿಂತುಕೊಂಡರು, ಅಷ್ಟೇ ಸಾಕಾಯಿತು. ಬಟ್ಲರ್ ಅಜೇಯ 110. ಇಂಗ್ಲೆಂಡಿಗೆ ಒಂದು ವಿಕೆಟ್ ಗೆಲುವು, ಸರಣಿ 5-0.

ಈಗ ದಾಖಲೆ ತೆಗೆದು ನೋಡಿದರೆ ಕಾಣುವುದು ಆ 5-0 ಮಾತ್ರ. ಆಸ್ಟ್ರೇಲಿಯಾ ನೆಲಕಚ್ಚಿತು, ಇಂಗ್ಲೆಂಡ್ ತುಳಿದು ಹಾಕಿತು ಅಂತ ಯಾರಾದರೂ ಹೇಳಿದರೆ ಇಲ್ಲ ಅನ್ನಲೂ ಆಗುವುದಿಲ್ಲ. ಐದು ದಿನ ಮುಂಚೆ ನಾಟಿಂಗ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ 6 ವಿಕೆಟ್‌ಗೆ 481 ಹೊಡೆದಿತ್ತು, ಗೆಲುವಿನ ಅಂತರ 242 ರನ್. ಆದರೆ ಮೊದಲ ಪಂದ್ಯ ನೋಡಿ. ಬರೀ 215ರ ಗುರಿ, ಅದಕ್ಕೇ ಇಂಗ್ಲೆಂಡ್ 7 ವಿಕೆಟ್ ಕಳೆದುಕೊಂಡಿತ್ತು. ಕಾರ್ಡಿಫ್‌ನ ಎರಡನೇ ಪಂದ್ಯದ ಅಂತರ 38 ರನ್. ಅಂದರೆ ಐದು ಗೆಲುವುಗಳಲ್ಲಿ ನಿಜವಾಗಿಯೂ ಏಕಪಕ್ಷೀಯ ಅನ್ನಬಹುದಾದದ್ದು ಒಂದೋ ಎರಡೋ.

ಏಕದಿನ ಸರಣಿ ಒಂದೇ ಕಡೆ ವಾಲಿದಾಗಲೆಲ್ಲ ಅಭಿಮಾನಿಗಳ ನಡುವೆ ಅದೇ ಜಗಳ. "ಎದುರಾಳಿ ದುರ್ಬಲ, ಇದೂ ಒಂದು ಗೆಲುವಾ?" ಅಂತ ಒಬ್ಬರು. "ಮುಖ್ಯ ಆಟಗಾರರಿಲ್ಲದ ಬಿ ಟೀಮ್ ಕಳಿಸಿದ್ದರು" ಅಂತ ಇನ್ನೊಬ್ಬರು. ಪಿಚ್, ಟಾಸ್, ಇಬ್ಬನಿ, ಅಂಪೈರ್ ಎಲ್ಲ ಬಂದು ಹೋಗುತ್ತವೆ. ಇದರಲ್ಲಿ ಪ್ರತಿಯೊಂದು ಮಾತಿನಲ್ಲೂ ಸ್ವಲ್ಪ ಸತ್ಯ ಇದೆ. ತೊಂದರೆ ಎಲ್ಲಿ ಅಂದರೆ, 5-0 ಅನ್ನುವುದನ್ನು ನಾವು ಎರಡು ತಂಡಗಳ ನಡುವಿನ ದೂರ ಅಂತ ಓದಿಕೊಳ್ಳುತ್ತೇವೆ. ಅದು ದೂರದ ಲೆಕ್ಕ ಅಲ್ಲ. ಯಾರು ಎಷ್ಟು ಸಲ ಗೆದ್ದರು ಅನ್ನುವ ಎಣಿಕೆ ಮಾತ್ರ. ದೂರ ಎಷ್ಟಿತ್ತು ಅಂತ ತಿಳಿಯಬೇಕಾದರೆ ಪಂದ್ಯದ ಒಳಗೆ ಇಣುಕಬೇಕು.

ಮೊದಲು ಲೆಕ್ಕವನ್ನೇ ನೋಡಿಬಿಡೋಣ, ಇಲ್ಲೇ ನಾವು ಜಾಸ್ತಿ ಎಡವುವುದು.

ಎರಡು ತಂಡಗಳು ಸರಿಸಮ ಅಂತ ಇಟ್ಟುಕೊಳ್ಳಿ. ನಾಣ್ಯ ಚಿಮ್ಮಿದ ಹಾಗೆ, ಯಾರು ಬೇಕಾದರೂ ಗೆಲ್ಲಬಹುದು. ಮೂರು ಪಂದ್ಯಗಳ ಸರಣಿ. ಮೊದಲನೆಯದನ್ನು ಯಾರೋ ಒಬ್ಬರು ಗೆಲ್ಲುತ್ತಾರೆ. ಎರಡನೆಯದನ್ನೂ ಅವರೇ ಗೆಲ್ಲುವ ಸಾಧ್ಯತೆ ಅರ್ಧ, ಮೂರನೆಯದನ್ನೂ ಅವರೇ ಗೆಲ್ಲುವುದು ಅದರ ಅರ್ಧ. ಅಂದರೆ ಕಾಲು ಭಾಗ. ಕೂದಲೆಳೆಯ ವ್ಯತ್ಯಾಸವೂ ಇಲ್ಲದ ಎರಡು ತಂಡಗಳು ಆಡಿದರೂ ನಾಲ್ಕರಲ್ಲಿ ಒಂದು ಸರಣಿ 3-0 ಆಗುತ್ತದೆ! ಅದೇ ಐದು ಪಂದ್ಯಗಳಾದರೆ 5-0 ಆಗುವುದು 16ರಲ್ಲಿ ಒಂದು ಸಲ. ಈಗ ಏಕದಿನ ಸರಣಿಗಳು ಹೆಚ್ಚಾಗಿ ಮೂರೇ ಪಂದ್ಯದವು. ಹಾಗಾಗಿ ಇವತ್ತಿನ ವೈಟ್‌ವಾಶ್‌ಗೂ (ಒಂದೂ ಬಿಡದೆ ಎಲ್ಲ ಪಂದ್ಯ ಗೆಲ್ಲುವುದು) ಹಿಂದಿನ ಐದು ಪಂದ್ಯಗಳ ವೈಟ್‌ವಾಶ್‌ಗೂ ಒಂದೇ ತೂಕ ಕೊಡಬಾರದು.

ಈಗ ಒಂದು ತಂಡ ನಿಜಕ್ಕೂ ಬಲಿಷ್ಠ, ಹತ್ತರಲ್ಲಿ ಏಳು ಪಂದ್ಯ ಗೆಲ್ಲುವಷ್ಟು ಅಂತ ಅಂದುಕೊಳ್ಳಿ. ಇದು ದೊಡ್ಡ ಅಂತರವೇ. ಆದರೂ ಐದು ಪಂದ್ಯಗಳ ಸರಣಿಯಲ್ಲಿ ಆ ತಂಡ 5-0 ಮಾಡುವ ಸಾಧ್ಯತೆ ಸುಮಾರು ಶೇ 17. 4-1 ಆಗುವುದು ಶೇ 36, 3-2 ಆಗುವುದು ಶೇ 31. ಅಂದರೆ ಅಷ್ಟು ಬಲಿಷ್ಠ ತಂಡಕ್ಕೂ ಒಂದೆರಡು ಪಂದ್ಯ ಕಳೆದುಕೊಳ್ಳುವುದೇ ಸಹಜ. 5-0 ಆಗುವುದಕ್ಕೂ ಆಗದಿರುವುದಕ್ಕೂ ಸಮಾನ ಅವಕಾಶ ಇರಬೇಕಾದರೆ ಆ ತಂಡ ನೂರರಲ್ಲಿ 87 ಪಂದ್ಯ ಗೆಲ್ಲುವಷ್ಟು ಮೇಲಿರಬೇಕು. ಅಷ್ಟು ಅಂತರ ಇರುವ ತಂಡಗಳು ಎದುರಾಗುವುದು ಅಪರೂಪ. ಆದರೂ 5-0 ಆಗುತ್ತಲೇ ಇರುತ್ತವೆ, ಯಾಕೆ?

ಯಾಕೆಂದರೆ ಕ್ರಿಕೆಟ್ ಪಂದ್ಯಗಳು ನಾಣ್ಯದ ಹಾಗೆ ಒಂದಕ್ಕೊಂದು ಸಂಬಂಧ ಇಲ್ಲದವಲ್ಲ. ಮೊದಲ ಪಂದ್ಯದಲ್ಲಿ ಗಾಯಗೊಂಡ ವೇಗಿ ಉಳಿದ ನಾಲ್ಕರಲ್ಲೂ ಇರುವುದಿಲ್ಲ. ತಿರುಗುವ ಪಿಚ್‌ನಲ್ಲಿ ತಡಕಾಡಿದ ಬ್ಯಾಟರ್ ಮೂರು ದಿನದಲ್ಲಿ ಹೊಸ ಆಟ ಕಲಿಯುವುದಿಲ್ಲ. ಮೊದಲ ಪಂದ್ಯವನ್ನು ಸೋಲಿಸಿದ ಕಾರಣವೇ ಐದನೆಯದರಲ್ಲೂ ಕಾದು ಕೂತಿರುತ್ತದೆ. ಅದೇ ನೆಲ, ಅದೇ ಹವೆ, ಅದೇ ಹನ್ನೊಂದು ಜನ.

ನೆಲದ ವಿಷಯಕ್ಕೆ 2011ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆ ವರ್ಷ ವಿಶ್ವಕಪ್ ಗೆದ್ದ ಭಾರತ ಇಂಗ್ಲೆಂಡಿಗೆ ಹೋಗಿ ಟೆಸ್ಟ್ ಸರಣಿಯನ್ನು 4-0ಯಿಂದ ಕಳೆದುಕೊಂಡಿತು. ಏಕದಿನದಲ್ಲಿ 3-0. ಒಂದು ಪಂದ್ಯ ಮಳೆಗೆ ಹೋಯಿತು, ಲಾರ್ಡ್ಸ್‌ನಲ್ಲಿ ಒಂದು ಟೈ ಆಯಿತು. ಭಾರತ ಒಂದನ್ನೂ ಗೆಲ್ಲಲಿಲ್ಲ. ಸೆಪ್ಟೆಂಬರ್ 16ರಂದು ಕಾರ್ಡಿಫ್‌ನಲ್ಲಿ ರಾಹುಲ್ ದ್ರಾವಿಡ್ 69 ಹೊಡೆದು ಏಕದಿನಕ್ಕೆ ವಿದಾಯ ಹೇಳಿದರು, ಕೊಹ್ಲಿ ಶತಕ ಹೊಡೆದರು, ಅದನ್ನೂ ಸೋತೆವು. ಸರಿಯಾಗಿ 28 ದಿನಗಳ ನಂತರ ಅಕ್ಟೋಬರ್ 14ಕ್ಕೆ ಹೈದರಾಬಾದ್‌ನಲ್ಲಿ ಅದೇ ಧೋನಿ, ಅದೇ ಅಲಸ್ಟೇರ್ ಕುಕ್ ಟಾಸ್‌ಗೆ ಬಂದರು. ಭಾರತ 126 ರನ್‌ಗಳಿಂದ ಗೆದ್ದಿತು. ಆಮೇಲೆ ದೆಹಲಿ, ಮೊಹಾಲಿ, ಮುಂಬೈ, ಕೋಲ್ಕತ್ತ. 5-0. ಸಚಿನ್, ಸೆಹ್ವಾಗ್, ಜಹೀರ್ ಆ ಏಕದಿನ ಸರಣಿಯಲ್ಲೂ ಇರಲಿಲ್ಲ, ಈ ಸರಣಿಯಲ್ಲೂ ಇರಲಿಲ್ಲ. ಹಾಗಾದರೆ ಒಂದು ತಿಂಗಳಲ್ಲಿ ಬದಲಾಗಿದ್ದು ಏನು? ಪಿಚ್. ಚೆಂಡು ಸ್ವಿಂಗ್ ಆಗುವ ಜಾಗದಿಂದ ತಿರುಗುವ ಜಾಗಕ್ಕೆ ಆಟ ಬಂತು. ಎರಡೂ ಸರಣಿಗಳನ್ನು ಬೇರೆ ಬೇರೆಯಾಗಿ ನೋಡಿದವರು ಎರಡು ಸಲವೂ ಸೋತ ತಂಡದ ಕಥೆ ಮುಗಿಯಿತು ಅಂತಲೇ ತೀರ್ಪು ಕೊಡುತ್ತಿದ್ದರು, ಅಲ್ವಾ?

ಆದರೆ ತವರು ಅಂದ ಕೂಡಲೇ ಎಲ್ಲವನ್ನೂ ಅದಕ್ಕೇ ಕಟ್ಟಬಾರದು. 1983ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ಕಪಿಲ್ ದೇವ್ ತಂಡ ವೆಸ್ಟ್ ಇಂಡೀಸನ್ನು ಸೋಲಿಸಿ ವಿಶ್ವಕಪ್ ಎತ್ತಿತು. ಆ ವರ್ಷದ ಕೊನೆಗೆ ಅದೇ ವೆಸ್ಟ್ ಇಂಡೀಸ್ ಭಾರತಕ್ಕೆ ಬಂದು, ನಮ್ಮದೇ ನೆಲದಲ್ಲಿ, ಏಕದಿನ ಸರಣಿಯನ್ನು 5-0ಯಿಂದ ಗೆದ್ದು ಹೋಯಿತು. ಅಲ್ಲಿ ನೆಲ ನಮ್ಮ ಕಡೆ ಇತ್ತು, ಬಲ ಅವರ ಕಡೆ. ಅಂಥ 5-0ಗೆ ನೆಪ ಹುಡುಕುವುದಕ್ಕಿಂತ ಗೆದ್ದವರಿಗೆ ಪೂರ್ತಿ ಅಂಕ ಕೊಡುವುದೇ ಸರಿ.

ಇನ್ನು ಬಿ ಟೀಮ್ ವಾದ. 2018ರ ಆ ಆಸ್ಟ್ರೇಲಿಯಾ ತಂಡದಲ್ಲಿ ಸ್ಮಿತ್, ವಾರ್ನರ್ ಇರಲಿಲ್ಲ. ಕೇಪ್‌ಟೌನ್‌ನಲ್ಲಿ ಚೆಂಡು ಉಜ್ಜಿದ ಪ್ರಕರಣಕ್ಕೆ ಇಬ್ಬರಿಗೂ ಒಂದು ವರ್ಷ ನಿಷೇಧ. ಸ್ಟಾರ್ಕ್, ಹೇಜಲ್‌ವುಡ್, ಕಮಿನ್ಸ್ ಮೂವರೂ ಗಾಯಾಳುಗಳು. ಈ ಐದು ಜನ ಇಲ್ಲದ ಆಸ್ಟ್ರೇಲಿಯಾ ಬೇರೆಯದೇ ತಂಡ. ಒಂದು ವರ್ಷದ ನಂತರ, 2019ರ ವಿಶ್ವಕಪ್‌ನ ಲೀಗ್ ಹಂತದಲ್ಲಿ ಅದೇ ಆಸ್ಟ್ರೇಲಿಯಾ ಲಾರ್ಡ್ಸ್‌ನಲ್ಲಿ ಇಂಗ್ಲೆಂಡನ್ನು 64 ರನ್‌ಗಳಿಂದ ಸೋಲಿಸಿತು. ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ 8 ವಿಕೆಟ್‌ಗಳಿಂದ ತಿರುಗಿಸಿ ಕೊಟ್ಟಿತು ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಇಂಗ್ಲೆಂಡಿಗೆ ಅನ್ಯಾಯ.

2014ರ ಶ್ರೀಲಂಕಾದ ಕಥೆ ಇನ್ನೂ ಬೇಸರದ್ದು. ಆಗ ಭಾರತ ಪ್ರವಾಸದಲ್ಲಿದ್ದದ್ದು ವೆಸ್ಟ್ ಇಂಡೀಸ್. ಸಂಬಳದ ಜಗಳದಿಂದ ಅವರು ಪ್ರವಾಸವನ್ನು ಅರ್ಧಕ್ಕೇ ಬಿಟ್ಟು ಹೊರಟರು. ಖಾಲಿ ಬಿದ್ದ ದಿನಗಳನ್ನು ತುಂಬಲು ಶ್ರೀಲಂಕಾವನ್ನು ಅವಸರದಲ್ಲಿ ಕರೆಸಿಕೊಂಡರು. ತಯಾರಿಗೆ ಸಮಯವೇ ಸಿಗಲಿಲ್ಲ. ಫಲಿತಾಂಶ 5-0, ನಡುವೆ ಈಡನ್ ಗಾರ್ಡನ್ಸ್‌ನಲ್ಲಿ ರೋಹಿತ್ ಶರ್ಮಾ ಹೊಡೆದ 264. ಆ ದಿನ ಶ್ರೀಲಂಕಾ ತಂಡ ಪೂರ್ತಿ ಸೇರಿ ಹೊಡೆದದ್ದು 251. ರೋಹಿತ್ ಆಟ ಚರಿತ್ರೆಯೇ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಆ 5-0 ಇಟ್ಟುಕೊಂಡು ಶ್ರೀಲಂಕಾ ಕ್ರಿಕೆಟ್ ಇಷ್ಟೇ ಅಂತ ಅಳೆಯುವುದು ನನಗೆ ಒಪ್ಪಿಗೆಯಿಲ್ಲ.

ಇಲ್ಲಿ ಏಕದಿನ ಮಾದರಿಯ ಗುಣವನ್ನೂ ಅರ್ಥ ಮಾಡಿಕೊಳ್ಳಬೇಕು. ಟಿ20ಯಲ್ಲಿ ಒಂದು ತಂಡಕ್ಕೆ 120 ಎಸೆತ. ಏಕದಿನದಲ್ಲಿ 300. ಎಸೆತ ಹೆಚ್ಚಾದಷ್ಟೂ ಅದೃಷ್ಟಕ್ಕೆ ಜಾಗ ಕಡಿಮೆ. ಒಬ್ಬ ಬ್ಯಾಟರ್ ಹದಿನೈದು ಎಸೆತ ಕಣ್ಣು ಮುಚ್ಚಿ ಬೀಸಿದರೆ ಟಿ20 ಪಂದ್ಯ ಕೈ ಬದಲಾಗಬಹುದು. 50 ಓವರಿನಲ್ಲಿ ಅಷ್ಟು ಸಾಕಾಗುವುದಿಲ್ಲ. ಬೌಲಿಂಗ್ ಇನ್ನೂ ಕಷ್ಟ. ಒಬ್ಬ ಬೌಲರ್ ಹತ್ತು ಓವರಿಗಿಂತ ಜಾಸ್ತಿ ಹಾಕುವ ಹಾಗಿಲ್ಲ. ಹಾಗಾಗಿ ಐದು ಬೌಲರ್ ಬೇಕೇ ಬೇಕು. ಟಿ20ಯಲ್ಲಿ ಐದನೇ ಬೌಲರ್ ದುರ್ಬಲನಾದರೆ ನಾಲ್ಕು ಓವರನ್ನು ಅಲ್ಲಿ ಇಲ್ಲಿ ಒಂದೊಂದಾಗಿ ಹಾಕಿಸಿ ಮುಚ್ಚಿಡಬಹುದು. ಏಕದಿನದಲ್ಲಿ ಹತ್ತು ಓವರ್ ಮುಚ್ಚಿಡಲು ಯಾವ ನಾಯಕನಿಗೂ ಆಗುವುದಿಲ್ಲ. ತಂಡದಲ್ಲಿ ಒಂದು ತೂತಿದ್ದರೆ ಅದು ಪ್ರತಿ ಪಂದ್ಯದಲ್ಲೂ ಬಯಲಾಗುತ್ತದೆ. ಸರಣಿಗಳು ಒಂದೇ ಕಡೆ ವಾಲುವುದಕ್ಕೆ ಇದು ದೊಡ್ಡ ಕಾರಣ, ನಾವು ಮಾತಾಡುವುದು ಮಾತ್ರ ಕಡಿಮೆ.

2020ರ ನ್ಯೂಜಿಲೆಂಡ್ ಪ್ರವಾಸ ಇದಕ್ಕೆ ಕಣ್ಣಿಗೆ ಕಟ್ಟುವಂಥ ಸಾಕ್ಷಿ. ಭಾರತ ಅಲ್ಲಿ ಟಿ20 ಸರಣಿಯನ್ನು 5-0ಯಿಂದ ಗೆದ್ದಿತು. ಅದರಲ್ಲಿ ಎರಡು ಪಂದ್ಯ ಸಮವಾಗಿ, ಗೆದ್ದವರನ್ನು ತೀರ್ಮಾನಿಸಲು ತಂಡಕ್ಕೊಂದು ಓವರಿನ ಸೂಪರ್ ಓವರಿಗೆ ಹೋಗಿದ್ದವು. ಅದಾದ ಮೇಲೆ ಏಕದಿನ. ಅದೇ ನಾಡು, ಕೆಲವೇ ದಿನಗಳ ಅಂತರ, ನ್ಯೂಜಿಲೆಂಡ್ 3-0. ಕೆ.ಎಲ್. ರಾಹುಲ್ ಟಿ20ಯಲ್ಲಿ ಸರಣಿ ಶ್ರೇಷ್ಠ, ಏಕದಿನದ ಕೊನೆಯ ಪಂದ್ಯದಲ್ಲೂ 112 ಹೊಡೆದರು, ಆದರೂ ತಂಡ ಮೂರನ್ನೂ ಸೋತಿತು. ಎರಡು ಸೂಪರ್ ಓವರ್‌ಗಳ ಆರಾರು ಎಸೆತಗಳು ಬೇರೆ ರೀತಿ ಬಿದ್ದಿದ್ದರೆ ಆ 5-0 ಸಹ 3-2 ಆಗುತ್ತಿತ್ತು.

ನಿಯಮಗಳೂ ತಮ್ಮ ಕೈಚಳಕ ತೋರಿಸಿವೆ. 2011ರ ಅಕ್ಟೋಬರ್‌ನಿಂದ ಏಕದಿನದಲ್ಲಿ ಎರಡು ತುದಿಯಿಂದ ಎರಡು ಹೊಸ ಚೆಂಡು ಬಂದವು. ಒಂದೊಂದು ಚೆಂಡಿನ ಆಯುಸ್ಸು 25 ಓವರ್ ಮಾತ್ರ. ಚೆಂಡು ಹಳೆಯದಾಗುತ್ತಲೇ ಇರಲಿಲ್ಲ, ರಿವರ್ಸ್ ಸ್ವಿಂಗ್ (ಹಳೆಯ ಚೆಂಡು ಗಾಳಿಯಲ್ಲಿ ಉಲ್ಟಾ ದಿಕ್ಕಿಗೆ ವಾಲುವುದು) ಸಿಗುತ್ತಿರಲಿಲ್ಲ, ಕೊನೆಯ ತನಕ ಗಟ್ಟಿಯಾಗಿಯೇ ಇರುತ್ತಿತ್ತು. ಒಂದು ಜೋಡಿ ನಿಂತುಬಿಟ್ಟರೆ ಬೌಲಿಂಗ್ ತಂಡಕ್ಕೆ ಮರಳಿ ಬರುವ ದಾರಿಗಳೇ ಕಡಿಮೆ. ಪಂದ್ಯ ಒಮ್ಮೆ ಕೈ ಜಾರಿದರೆ ಪೂರ್ತಿ ಜಾರುತ್ತಿತ್ತು. 2025ರ ಜುಲೈನಿಂದ ಇದನ್ನು ಬದಲಿಸಿದ್ದಾರೆ. 34 ಓವರ್ ತನಕ ಎರಡು ಚೆಂಡು, ಆಮೇಲೆ ಅವುಗಳಲ್ಲಿ ಒಂದನ್ನೇ ಆರಿಸಿಕೊಂಡು ಮುಗಿಸಬೇಕು. ಬೌಲರ್‌ಗಳ ಪರವಾಗಿ ಬಂದ ಈ ಬದಲಾವಣೆ ನನಗೆ ತುಂಬಾ ಖುಷಿ ಕೊಟ್ಟಿದೆ. ಇಬ್ಬನಿ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರಾತ್ರಿ ಚೆಂಡು ಒದ್ದೆಯಾದರೆ ಸ್ಪಿನ್ನರ್ ಬೆರಳಿಗೆ ಹಿಡಿತ ಸಿಗುವುದಿಲ್ಲ, ಎರಡನೆಯದಾಗಿ ಬ್ಯಾಟ್ ಮಾಡುವವರಿಗೆ ಅನುಕೂಲ, ಟಾಸ್ ಒಬ್ಬರ ಕಡೆಗೇ ಬೀಳುತ್ತಾ ಹೋದರೆ ಸರಣಿಯೂ ಅತ್ತಲೇ ವಾಲುತ್ತದೆ.

ಗೆಲುವಿನ ಅಂತರವನ್ನು ಓದುವುದರಲ್ಲೂ ಒಂದು ಸೂಕ್ಷ್ಮ ಇದೆ. "7 ವಿಕೆಟ್ ಗೆಲುವು" ಅಂದರೆ ಸುಲಭದ ಗೆಲುವು ಅಂತ ಅನಿಸುತ್ತದೆ. ಕೊನೆಯ ಎಸೆತದಲ್ಲಿ ಗೆದ್ದಿದ್ದರೆ? ವಿಕೆಟ್ ಎಷ್ಟೇ ಉಳಿದಿದ್ದರೂ ಎಸೆತ ಉಳಿದಿಲ್ಲದಿದ್ದರೆ ಅದು ಬಿಗಿ ಪಂದ್ಯವೇ. ಹಾಗಾಗಿ ವಿಕೆಟ್ ಜೊತೆಗೆ ಉಳಿದ ಎಸೆತಗಳನ್ನೂ ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ಸೋತ ತಂಡ ಯಾವುದಾದರೂ ಹೊತ್ತಿನಲ್ಲಿ ಮುಂದಿತ್ತಾ ಅಂತ ಕೇಳಬೇಕು. ನಾನು ಒಂದು ಸರಣಿಯನ್ನು ಏಕಪಕ್ಷೀಯ ಅನ್ನುವ ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದೊಂದೇ.

2017ರಲ್ಲಿ ಭಾರತ ಶ್ರೀಲಂಕಾಗೆ ಹೋಗಿ 5-0 ಮಾಡಿತು. ಅದರ ಎರಡನೇ ಪಂದ್ಯ, ಪಲ್ಲೆಕೆಲೆ. ಮಳೆಯಿಂದಾಗಿ ಭಾರತದ ಗುರಿ 47 ಓವರಿನಲ್ಲಿ 231. ರೋಹಿತ್, ಧವನ್ ವಿಕೆಟ್ ಬೀಳದಂತೆ 109 ತನಕ ಕೊಂಡೊಯ್ದರು. ಆಮೇಲೆ ಅಕಿಲ ಧನಂಜಯ ಬಂದರು. ಆಫ್ ಸ್ಪಿನ್ನರ್ ಅಂತ ಆಡಲು ಹೋದವರಿಗೆ ಗೂಗ್ಲಿ, ಅಂದರೆ ಅಂದುಕೊಂಡದ್ದಕ್ಕೆ ಉಲ್ಟಾ ತಿರುಗುವ ಎಸೆತ. ಒಂದೇ ಓವರಿನಲ್ಲಿ ಕೇದಾರ್ ಜಾಧವ್, ಕೊಹ್ಲಿ, ರಾಹುಲ್ ಮೂವರೂ ಬೌಲ್ಡ್. 22 ರನ್ ಸೇರುವಷ್ಟರಲ್ಲಿ ಏಳು ವಿಕೆಟ್, 131ಕ್ಕೆ 7. ಇನ್ನೂ ನೂರು ರನ್ ಬೇಕು. ಪಂದ್ಯ ಶ್ರೀಲಂಕಾ ಜೇಬಿನಲ್ಲಿತ್ತು. ಧೋನಿ ಒಂದು ತುದಿ ಹಿಡಿದು ನಿಂತರು, ದೊಡ್ಡ ಹೊಡೆತದ ಗೋಜಿಗೇ ಹೋಗಲಿಲ್ಲ. ಭುವನೇಶ್ವರ್ ಕುಮಾರ್ ನಿಧಾನವಾಗಿ ಆಡುತ್ತಾ ಆಡುತ್ತಾ 53 ಹೊಡೆದರು. ಆ ಇಬ್ಬರೂ ಆ ನೂರನ್ನೂ ತಾವೇ ಹೊಡೆದು ಮುಗಿಸಿದರು. ಧನಂಜಯ 54 ರನ್ ಕೊಟ್ಟು 6 ವಿಕೆಟ್ ತೆಗೆದಿದ್ದರು. ಅಂಥ ಬೌಲಿಂಗ್ ಮಾಡಿಯೂ ಅವರ ತಂಡದ ಖಾತೆಗೆ ಒಂದು ಸೊನ್ನೆ. 2010ರಲ್ಲಿ ನ್ಯೂಜಿಲೆಂಡ್ ಇಲ್ಲಿ 5-0 ಸೋತಾಗಲೂ ಹೀಗೇ ಆಗಿತ್ತು. ಬೆಂಗಳೂರಿನ ಪಂದ್ಯದಲ್ಲಿ 316ರ ಗುರಿ ಎದುರು ಭಾರತ 200 ದಾಟುವ ಮೊದಲೇ ಅರ್ಧ ತಂಡವನ್ನು ಕಳೆದುಕೊಂಡಿತ್ತು. ಯೂಸುಫ್ ಪಠಾಣ್ ಅಜೇಯ 123 ಹೊಡೆಯದೇ ಇದ್ದಿದ್ದರೆ ಅದು 4-1.

ಇದರ ತದ್ವಿರುದ್ಧವೂ ಆಗುತ್ತದೆ. ಪಂದ್ಯ ಏಕಪಕ್ಷೀಯ, ಸರಣಿ ಅಲ್ಲ. ಪುರುಷರ ಏಕದಿನದಲ್ಲಿ ರನ್ ಲೆಕ್ಕದ ಅತಿ ದೊಡ್ಡ ಗೆಲುವು 342 ರನ್. 2025ರ ಸೆಪ್ಟೆಂಬರ್‌ನಲ್ಲಿ ಸೌತಾಂಪ್ಟನ್‌ನಲ್ಲಿ ಇಂಗ್ಲೆಂಡ್ 414 ಹೊಡೆದು ದಕ್ಷಿಣ ಆಫ್ರಿಕಾವನ್ನು 72ಕ್ಕೆ ಉರುಳಿಸಿತು. ಆ ಸರಣಿ ಗೆದ್ದವರು ಯಾರು? ದಕ್ಷಿಣ ಆಫ್ರಿಕಾ, 2-1. ಲೀಡ್ಸ್‌ನಲ್ಲಿ ಇಂಗ್ಲೆಂಡನ್ನು 131ಕ್ಕೆ ಕಟ್ಟಿಹಾಕಿದ್ದರು, ಲಾರ್ಡ್ಸ್‌ನಲ್ಲಿ 5 ರನ್‌ಗಳಿಂದ ಗೆದ್ದಿದ್ದರು. ಮೂರು ಪಂದ್ಯಗಳ ರನ್ ಎಲ್ಲ ಕೂಡಿಸಿ ನೋಡಿದರೆ ಇಂಗ್ಲೆಂಡ್ ಎಷ್ಟೋ ಮುಂದೆ, ಟ್ರೋಫಿ ಮಾತ್ರ ಇನ್ನೊಬ್ಬರ ಕೈಯಲ್ಲಿ. ಗೆಲುವು ಎಷ್ಟೇ ದೊಡ್ಡದಾದರೂ ಎಣಿಕೆಯಲ್ಲಿ ಅದು ಒಂದೇ.

"ಸರಿ, ದುರ್ಬಲ ತಂಡವನ್ನು ಹೊಡೆದು ರ‍್ಯಾಂಕಿಂಗ್ ಏರಿಸಿಕೊಳ್ಳುತ್ತಾರಲ್ಲ" ಅನ್ನುವವರಿಗೆ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ (ಐಸಿಸಿ) ಲೆಕ್ಕ ತಿಳಿದಿದ್ದರೆ ಒಳ್ಳೆಯದು. ಏಕದಿನದಲ್ಲಿ ಸರಣಿ ಗೆದ್ದಿದ್ದಕ್ಕೆ ಅಂತ ಬೇರೆ ಅಂಕ ಇಲ್ಲ, ಪ್ರತಿ ಪಂದ್ಯಕ್ಕೂ ಲೆಕ್ಕ. ಎರಡು ತಂಡಗಳ ರೇಟಿಂಗ್ (ಪಂದ್ಯಗಳ ಅಂಕಗಳ ಸರಾಸರಿ) ಹತ್ತಿರ ಇದ್ದರೆ, ಗೆದ್ದವರಿಗೆ ಎದುರಾಳಿಯ ರೇಟಿಂಗ್‌ಗಿಂತ 50 ಹೆಚ್ಚು ಅಂಕ, ಸೋತವರಿಗೆ ಎದುರಾಳಿಯ ರೇಟಿಂಗ್‌ಗಿಂತ 50 ಕಡಿಮೆ. ಅಂತರ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಲೆಕ್ಕವೇ ಬೇರೆ. 120 ರೇಟಿಂಗ್ ತಂಡ 75ರ ತಂಡವನ್ನು ಸೋಲಿಸಿದರೆ ಆ ಪಂದ್ಯಕ್ಕೆ ಸಿಗುವುದು 130 ಮಾತ್ರ. ಸರಾಸರಿ ಹಾಕಿದಾಗ ರೇಟಿಂಗ್ ಅಲುಗಾಡಿದ್ದೇ ಗೊತ್ತಾಗುವುದಿಲ್ಲ. ಅದೇ ಸೋತರೆ ಸಿಗುವುದು ಬರೀ 30. ಆ 75ರ ತಂಡಕ್ಕೆ ಗೆದ್ದರೆ 165. ಅಂದರೆ ಬಲಿಷ್ಠ ತಂಡಕ್ಕೆ ಇಂಥ ಸರಣಿಯಲ್ಲಿ ಗಳಿಸಲು ಹಿಡಿಯಷ್ಟು, ಕಳೆದುಕೊಳ್ಳಲು ಬುಟ್ಟಿಯಷ್ಟು.

ಸೋತ ತಂಡದ ಅಭಿಮಾನಿಗಳ ನೋವನ್ನು ನಾನು ಹಗುರವಾಗಿ ನೋಡುವುದಿಲ್ಲ. 2024ರ ಆಗಸ್ಟ್‌ನಲ್ಲಿ ಕೊಲಂಬೊದಲ್ಲಿ ಶ್ರೀಲಂಕಾ ಎದುರು ನಮಗೂ ಆ ರುಚಿ ಸಿಕ್ಕಿತು. ಟಿ20 ವಿಶ್ವಕಪ್ ಗೆದ್ದು ತಿಂಗಳಾಗಿತ್ತಷ್ಟೇ. ಮೊದಲ ಪಂದ್ಯ 230ಕ್ಕೆ ಟೈ. ಗೆಲ್ಲಲು ಒಂದೇ ರನ್ ಬೇಕಿತ್ತು! ಆಮೇಲೆ ಎರಡೂ ಸೋಲು. ಮೂರು ಪಂದ್ಯಗಳಲ್ಲಿ ಸ್ಪಿನ್ನಿಗೆ ನಮ್ಮ 27 ವಿಕೆಟ್. ಗಾಯಗೊಂಡ ಹಸರಂಗ ಬದಲಿಗೆ ಬಂದ ಜೆಫ್ರಿ ವಾಂಡರ್ಸೆ ಒಂದೇ ಪಂದ್ಯದಲ್ಲಿ ಆರು ವಿಕೆಟ್ ಕಿತ್ತರು. ಆ ಸೋಲಿಗೆ ಬಿ ಟೀಮ್ ಅನ್ನುವ ನೆಪವೂ ಇರಲಿಲ್ಲ, ರೋಹಿತ್, ಕೊಹ್ಲಿ ಇಬ್ಬರೂ ಆಡಿದ್ದರು.

ಆದರೆ ನನ್ನ ನೆನಪಲ್ಲಿ ಉಳಿದಿರುವುದು ಇನ್ನೊಂದು ಸೋಲು, 3-0. 2022ರ ಜನವರಿ, ದಕ್ಷಿಣ ಆಫ್ರಿಕಾದಲ್ಲಿ ರಾಹುಲ್ ನಾಯಕತ್ವದ ತಂಡ ಮೊದಲ ಎರಡನ್ನು ಸೋತಿತ್ತು. ಕೇಪ್‌ಟೌನ್‌ನ ಮೂರನೇ ಪಂದ್ಯಕ್ಕೆ ಔಪಚಾರಿಕ ಅನ್ನುವ ಹಣೆಪಟ್ಟಿ ಆಗಲೇ ಬಿದ್ದಿತ್ತು. 288 ಹೊಡೆಯಬೇಕು. ಒಳ್ಳೆಯ ಬ್ಯಾಟರ್‌ಗಳೆಲ್ಲ ಹೋದ ಮೇಲೆ ಬೌಲರ್ ದೀಪಕ್ ಚಾಹರ್ ಬಂದು 34 ಎಸೆತದಲ್ಲಿ 54 ಹೊಡೆದರು. ಅವರು ಔಟಾದಾಗ ಸುಮಾರು ಮೂರು ಓವರಿನಲ್ಲಿ ಬೇಕಿದ್ದದ್ದು 10 ರನ್, ಅಷ್ಟೇ. ಭಾರತ 283ಕ್ಕೆ ಆಲೌಟ್. ನಾಲ್ಕು ರನ್ ಸೋಲು. ಚಾಹರ್ ಕಣ್ಣು ತುಂಬಿಕೊಂಡು ಕೂತಿದ್ದನ್ನು ಕ್ಯಾಮೆರಾ ತೋರಿಸಿತು.